ಮಿದುಳಿನ ತಾರಾಕೋಶಗಳು: ಆರೋಗ್ಯದಲ್ಲಿ ಮತ್ತು ರೋಗದಲ್ಲಿ ಅವುಗಳ ಪಾತ್ರ

(ಗೋರೆಗಾಂವ್‌ನ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮಿದುಳು ಎಂದೊಡನೆ ನಮಗೆ ನೆನಪಾಗುವುದು ನರಕೋಶ. ನೋಡುವುದು, ನೆನೆಯುವುದು, ಮಾತನಾಡುವುದು, ಕೈ ಎತ್ತುವುದು, ಇವೆಲ್ಲವೂ ನರಕೋಶಗಳು ಪರಸ್ಪರ ಕಳುಹಿಸುವ ಸಂದೇಶಗಳಿಂದ ನಡೆಯುತ್ತವೆಂದು ಶಾಲೆಯ ಪುಸ್ತಕಗಳಲ್ಲಿ ಓದಿದ್ದೇವೆ. ಅದು ಸತ್ಯವೇ ಸರಿ. ಆದರೆ ಮಿದುಳಿನ ಜೀವಕೋಶಗಳಲ್ಲಿ ನರಕೋಶಗಳ ಪಾಲು ಸುಮಾರು ಅರ್ಧ ಮಾತ್ರ. 2009ರಲ್ಲಿ ಬ್ರೆಜಿಲ್ ದೇಶದ ಸಂಶೋಧಕರು ಪ್ರಕಟಿಸಿದ ಎಣಿಕೆಯಂತೆ ವಯಸ್ಕ ಮಾನವನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ನರಕೋಶಗಳಲ್ಲದ ಇತರ ಕೋಶಗಳೂ ಹೆಚ್ಚು ಕಡಿಮೆ ಅಷ್ಟೇ ಇವೆ. ಈ ಎರಡನೆಯ ಗುಂಪಿನ ಬಹುಭಾಗವನ್ನು ಗ್ಲಯಾ ಕೋಶಗಳೆಂದು ಕರೆಯುತ್ತಾರೆ. ಇಂದು ತಮ್ಮ ಮುಂದೆ ಅರಿಕೆ ಮಾಡಲು ಬಯಸುವುದು ಇವುಗಳ ವಿಷಯ.

ಗ್ಲಯಾ ಎಂದರೆ ಗ್ರೀಕ್ ಭಾಷೆಯಲ್ಲಿ ಅಂಟು. 1850ರ ದಶಕದಲ್ಲಿ ಜರ್ಮನಿಯ ವೈದ್ಯವಿಜ್ಞಾನಿ ರುಡಾಲ್ಫ್ ಫಿರ್ಕೋ ಈ ಕೋಶಗಳನ್ನು ನರಕೋಶಗಳ ನಡುವಣ ಸಂದುಗಳನ್ನು ತುಂಬುವ ಒಂದು ಬಗೆಯ ಅಂಟೆಂದು ಭಾವಿಸಿ ಈ ಹೆಸರನ್ನಿಟ್ಟನು. ಕೋಶಗಳನ್ನು ಕುರಿತ ಆ ಅಭಿಪ್ರಾಯ ಬಹಳ ಹಿಂದೆಯೇ ಬಿದ್ದುಹೋಯಿತು. ಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು. ಗ್ಲಯಾ ಕೋಶಗಳಲ್ಲಿ ಕೆಲವು ನರತಂತುಗಳಿಗೆ ಕೊಬ್ಬಿನ ಹೊದಿಕೆಯನ್ನು ಹೊದಿಸುತ್ತವೆ. ಕೆಲವು ಗಾತ್ರದಲ್ಲಿ ಅತಿ ಸಣ್ಣವು. ಅವು ಕಾವಲುಗಾರರಂತೆ ಓಡಾಡುತ್ತ ರೋಗಾಣುಗಳನ್ನೂ ಸತ್ತ ಕೋಶಗಳ ಅವಶೇಷಗಳನ್ನೂ ನುಂಗುತ್ತವೆ. ಮೂರನೆಯವು ಸುತ್ತಲೂ ಕೈಗಳನ್ನು ಚಾಚಿಕೊಂಡು ಸೂಕ್ಷ್ಮದರ್ಶಕದಲ್ಲಿ ನಕ್ಷತ್ರಗಳಂತೆ ಕಾಣುತ್ತವೆ. ವಿಜ್ಞಾನಿಗಳು ಇವನ್ನು ಆಸ್ಟ್ರೋಸೈಟ್ ಎನ್ನುತ್ತಾರೆ. ನಾವು ತಾರಾಕೋಶ ಎನ್ನೋಣ.

ಇವುಗಳ ಕೆಲಸವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಗೋರೆಗಾಂವ್ ನಿಲ್ದಾಣದಲ್ಲಿ ನಿಂತವರ ಕಣ್ಣಿಗೆ ಬೀಳುವುದು ರೈಲುಗಾಡಿ ಮತ್ತು ಜನಸಂದಣಿ. ಹಳಿಯ ಕೆಳಗಿನ ಜಲ್ಲಿ, ಮೇಲಿನ ವಿದ್ಯುತ್ ತಂತಿ, ಪಕ್ಕದ ಚರಂಡಿ, ನೀರೆತ್ತುವ ಯಂತ್ರ, ಇವನ್ನು ಗಮನಿಸುವವರು ವಿರಳ. ಆದರೆ 2005ರ ಜುಲೈ 26ರಂದು ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ದಾಖಲಾದಾಗ ಗಾಡಿಗಳು ನಿಂತಲ್ಲೇ ನಿಂತವು. ಗಾಡಿಗಳಲ್ಲಿ ದೋಷವಿರಲಿಲ್ಲ, ನೀರು ಹರಿದುಹೋಗಲಿಲ್ಲ, ಅಷ್ಟೇ.

ಮಿದುಳಿನಲ್ಲಿ ನೀರು, ಲವಣ, ಆಹಾರ ಹಾಗೂ ಕಶ್ಮಲಗಳ ನಿರ್ವಹಣೆಯ ಬಹುದೊಡ್ಡ ಹೊಣೆ ತಾರಾಕೋಶದ್ದು. ನರಕೋಶವೊಂದು ಸಂದೇಶ ಕಳುಹಿಸಿದಾಗಲೆಲ್ಲ ಅದರಿಂದ ಪೊಟ್ಯಾಸಿಯಂ ಹೊರಬೀಳುತ್ತದೆ. ಅದನ್ನು ಆಗಿಂದಾಗ್ಗೆ ಹೀರಿಕೊಳ್ಳದಿದ್ದರೆ ನೆರೆಯ ನರಕೋಶಗಳು ವಿನಾಕಾರಣ ಉದ್ರೇಕಗೊಳ್ಳುತ್ತವೆ. ಅಪಸ್ಮಾರಕ್ಕೆ ಇದೂ ಒಂದು ದಾರಿ. ಸಂದೇಶವಾಹಕವಾದ ಗ್ಲುಟಮೇಟ್ ಎಂಬ ರಾಸಾಯನಿಕವೂ ಹಾಗೆಯೇ. ಕೆಲಸ ಮುಗಿದ ಮೇಲೆ ಅದು ಅಲ್ಲಿಯೇ ಉಳಿದರೆ ನರಕೋಶಗಳಿಗೆ ವಿಷವಾಗುತ್ತದೆ. ಇವೆರಡನ್ನೂ ತೆಗೆದು ಶುಚಿಗೊಳಿಸುವುದು ತಾರಾಕೋಶ. ಅದರ ಕೆಲವು ಕೈಗಳು ರಕ್ತನಾಳಗಳ ಹೊರಮೈಯನ್ನು ತಬ್ಬಿಕೊಂಡಿರುತ್ತವೆ. ಅಲ್ಲಿ ನೀರು ಒಳಗೆ ಹೊರಗೆ ಸಾಗಲು ಅಕ್ವಾಪೋರಿನ್-4 ಎಂಬ ಪ್ರೋಟೀನಿನ ಕಿರುಬಾಗಿಲುಗಳು ಸಾಲಾಗಿರುತ್ತವೆ. ಈ ಬಾಗಿಲುಗಳನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಇವುಗಳ ಮಾತು ಮತ್ತೆ ಬರಲಿದೆ.

ತಾರಾಕೋಶಗಳು ಮೂಕ ಸೇವಕರೂ ಅಲ್ಲ. 1990ರಲ್ಲಿ ಅಮೆರಿಕದ ಸಂಶೋಧಕರು ಪ್ರಯೋಗಶಾಲೆಯಲ್ಲಿ ಬೆಳೆಸಿದ ತಾರಾಕೋಶಗಳಿಗೆ ಗ್ಲುಟಮೇಟನ್ನು ಸೋಕಿಸಿದಾಗ, ಅವುಗಳೊಳಗೆ ಕ್ಯಾಲ್ಸಿಯಂ ಪ್ರಮಾಣ ಏರಿ, ಆ ಏರಿಕೆ ಕೋಶದಿಂದ ಕೋಶಕ್ಕೆ ಅಲೆಯಂತೆ ಹರಡಿದ್ದನ್ನು ಕಂಡರು. ನರಕೋಶಗಳ ವೇಗಕ್ಕೆ ಹೋಲಿಸಿದರೆ ಇದು ಬಹಳ ನಿಧಾನದ ಸಂಭಾಷಣೆ. ಆದರೂ ಸಂಭಾಷಣೆಯೇ. ಇದು ನರಕೋಶಗಳ ಸಂಪರ್ಕಗಳನ್ನು ಎಷ್ಟರಮಟ್ಟಿಗೆ ತಿದ್ದುತ್ತದೆ ಎಂಬ ಬಗ್ಗೆ ತಜ್ಞರಲ್ಲಿ ಇನ್ನೂ ವಾದವಿದೆ. ಆಲ್ಝೈಮರ್ ರೋಗ, ಪಾರ್ಶ್ವವಾಯು, ಮಿದುಳಿನ ಗಂತಿ, ಇವೆಲ್ಲದರಲ್ಲಿಯೂ ಗ್ಲಯಾ ಕೋಶಗಳ ಪಾತ್ರವಿದೆ. ಅವೆಲ್ಲವನ್ನೂ ಹೇಳಹೊರಟರೆ ರಾತ್ರಿಯಾದೀತು. ತಾರಾಕೋಶವೇ ರೋಗದ ಮೂಲಸ್ಥಾನವಾಗಿರುವ ಎರಡು ಕಾಯಿಲೆಗಳನ್ನು ಮಾತ್ರ ಆರಿಸಿಕೊಳ್ಳುತ್ತೇನೆ. ಒಂದರ ಕಥೆ ನಾವಿರುವ ಈ ನಗರದ್ದು, ಇನ್ನೊಂದರದು ತಮ್ಮಲ್ಲಿ ಅನೇಕರ ತವರಾದ ಕರಾವಳಿಯದು.

ಮುಂಬಯಿಯ ಬಾಂಬೆ ಆಸ್ಪತ್ರೆಯ ಹಿರಿಯ ನರರೋಗ ತಜ್ಞರಾದ ಡಾ. ಬಿ. ಎಸ್. ಸಿಂಘಾಲ್ ಅವರೂ ಅವರ ಸಹೋದ್ಯೋಗಿಗಳೂ ಮಕ್ಕಳಲ್ಲಿ ವಿಚಿತ್ರವಾದ ಕಾಯಿಲೆಯೊಂದನ್ನು ಗುರುತಿಸಿ 1996ರಲ್ಲಿ ವಿವರವಾಗಿ ಪ್ರಕಟಿಸಿದರು. ಈ ಮಕ್ಕಳ ತಲೆ ಮೊದಲನೆಯ ವರ್ಷದಲ್ಲಿಯೇ ಅಳತೆ ಮೀರಿ ಬೆಳೆಯುತ್ತದೆ. ಮಗು ಲವಲವಿಕೆಯಿಂದಲೇ ಇರುತ್ತದೆ, ತುಸು ತಡವಾಗಿಯಾದರೂ ನಡೆಯಲು ಕಲಿಯುತ್ತದೆ. ಮುಂದೆ ನಡಿಗೆ ತೂರಾಡತೊಡಗುತ್ತದೆ, ಕಾಲುಗಳು ಬಿಗಿಯುತ್ತವೆ, ಅನೇಕರಿಗೆ ಅಪಸ್ಮಾರ ಬರುತ್ತದೆ. ಬುದ್ಧಿಶಕ್ತಿ ಮಾತ್ರ ಬಹುಕಾಲ ಸಾಕಷ್ಟು ಚೆನ್ನಾಗಿ ಉಳಿಯುತ್ತದೆ. ತನಗೆ ಏನಾಗುತ್ತಿದೆಯೆಂಬುದು ಮಗುವಿಗೆ ತಿಳಿಯುತ್ತಿರುತ್ತದೆ. ಎಂ.ಆರ್.ಐ. ಚಿತ್ರದಲ್ಲಿ ಮಿದುಳಿನ ಬಿಳಿಯ ಭಾಗವೆಲ್ಲ ನೀರು ತುಂಬಿ ಊದಿಕೊಂಡಂತೆ ಕಾಣುತ್ತದೆ, ಕಿವಿಯ ಬಳಿಯ ಭಾಗಗಳಲ್ಲಿ ನೀರಿನ ಗುಳ್ಳೆಗಳಿರುತ್ತವೆ. ನೆದರ್‌ಲ್ಯಾಂಡ್ಸಿನ ಡಾ. ಮಾರ್ಯೊ ಫಾನ್ ಡೆರ್ ಕ್ನಾಪ್ ಅವರು 1995ರಲ್ಲಿ ಇದೇ ರೋಗವನ್ನು ವರ್ಣಿಸಿದ್ದರು.

ಮುಂಬಯಿಯ ವೈದ್ಯರ ಗಮನ ಸೆಳೆದ ಇನ್ನೊಂದು ಅಂಶವಿತ್ತು. ರೋಗಿಗಳಲ್ಲಿ ಬಹುಮಂದಿ ಅಗರವಾಲ ಸಮುದಾಯಕ್ಕೆ ಸೇರಿದವರು. 2001ರಲ್ಲಿ ಈ ರೋಗಕ್ಕೆ ಕಾರಣವಾದ, ಎಂಎಲ್‌ಸಿ-1 ಎಂಬ ವಂಶವಾಹಿ 22ನೆಯ ವರ್ಣತಂತುವಿನಲ್ಲಿ ಪತ್ತೆಯಾಯಿತು. 2004ರಲ್ಲಿ ಪ್ರಕಟವಾದ ಅಧ್ಯಯನವು ಈ ಸಮುದಾಯದ ರೋಗಿಗಳಲ್ಲಿ ಕಂಡುಬರುವುದು ಒಂದೇ ಬಗೆಯ ದೋಷವೆಂದು, ವಂಶವಾಹಿಯ ಬರಹದಲ್ಲಿ ಒಂದೇ ಒಂದು ಅಕ್ಷರ ಹೆಚ್ಚಾಗಿ ಸೇರಿಕೊಂಡಿದೆಯೆಂದು ತೋರಿಸಿತು. ಎಂದೋ ಬಾಳಿದ ಪೂರ್ವಜರೊಬ್ಬರಿಂದ ಅದು ಪೀಳಿಗೆಯಿಂದ ಪೀಳಿಗೆಗೆ ಇಳಿದು ಬಂದಿದೆ. ಆ ವಂಶವಾಹಿಯಿಂದ ತಯಾರಾಗುವ ಪ್ರೋಟೀನು ಇರುವುದೆಲ್ಲಿ? ನರಕೋಶದಲ್ಲಲ್ಲ, ರಕ್ತನಾಳವನ್ನು ತಬ್ಬಿಕೊಂಡ ತಾರಾಕೋಶದ ಕೈಗಳಲ್ಲಿ. ಅದು ಕೆಟ್ಟರೆ ತಾರಾಕೋಶವು ತನ್ನೊಳಗಿನ ನೀರು ಮತ್ತು ಲವಣಗಳನ್ನು ಸರಿದೂಗಿಸಲಾರದು. ಚರಂಡಿ ಕಟ್ಟಿಕೊಂಡ ಹಳಿಯಂತೆ ಮಿದುಳಿನ ಬಿಳಿಯ ಭಾಗ ಜಲಾವೃತವಾಗುತ್ತದೆ.

ಒಂದು ಸಮುದಾಯದ ಹೆಸರನ್ನು ಹೇಳಿದುದು ಯಾರನ್ನೂ ಹಳಿಯುವುದಕ್ಕಲ್ಲ. ತನ್ನೊಳಗೇ ವಿವಾಹ ಸಂಬಂಧ ಬೆಳೆಸುವ ಪ್ರತಿಯೊಂದು ಸಮುದಾಯದಲ್ಲಿಯೂ ಇಂತಹ ಒಂದಲ್ಲ ಒಂದು ದೋಷ ಅಡಗಿರುತ್ತದೆ. ಅಗರವಾಲರು ಸಗೋತ್ರ ವಿವಾಹವನ್ನು ವರ್ಜಿಸುವವರು ಎಂಬುದು ಇಲ್ಲಿ ಗಮನಾರ್ಹ. ನಮ್ಮಲ್ಲಿಯೂ ಗೋತ್ರ ಬೇರೆಯಾದರೆ, ಬಳಿ ಬೇರೆಯಾದರೆ, ಚಿಂತೆಯಿಲ್ಲವೆಂಬ ನಂಬಿಕೆಯಿದೆ. ಗೋತ್ರವು ತಂದೆಯ ಕಡೆಯ ಒಂದು ಎಳೆಯನ್ನು, ಬಳಿಯು ತಾಯಿಯ ಕಡೆಯ ಒಂದು ಎಳೆಯನ್ನು ಮಾತ್ರ ಹಿಡಿಯುತ್ತದೆ. ವಂಶವಾಹಿಗಳಾದರೋ ಎಲ್ಲ ಎಳೆಗಳಿಂದಲೂ ಬರುತ್ತವೆ. ಸೋದರಮಾವನ ಮಗಳ ಬಳಿ ಬೇರೆ, ಆದರೆ ಅಜ್ಜ ಅಜ್ಜಿ ಒಬ್ಬರೇ. ಕರ್ನಾಟಕದಲ್ಲಿ ಇಂದಿಗೂ ಸುಮಾರು ಕಾಲು ಭಾಗದಷ್ಟು ಮದುವೆಗಳು ರಕ್ತಸಂಬಂಧಿಗಳ ನಡುವೆಯೇ ನಡೆಯುತ್ತಿವೆ.

ಲೆಕ್ಕ ಸರಳ. ದೋಷಯುಕ್ತ ವಂಶವಾಹಿಯ ಒಂದು ಪ್ರತಿಯನ್ನು ಹೊತ್ತವರು ಪೂರ್ಣ ಆರೋಗ್ಯವಂತರು, ಅವರಿಗೆ ಅದರ ಸುಳಿವೂ ಇರುವುದಿಲ್ಲ. ಪತಿ ಪತ್ನಿ ಇಬ್ಬರೂ ಅದೇ ದೋಷವನ್ನು ಹೊತ್ತಿದ್ದರೆ ಪ್ರತಿಯೊಂದು ಬಸುರಿನಲ್ಲಿಯೂ ಮಗುವಿಗೆ ರೋಗ ಬರುವ ಸಾಧ್ಯತೆ ನೂರಕ್ಕೆ 25. ಮೊದಲ ಮಗುವಿಗೆ ಬಂತು, ಇನ್ನು ಮೂವರಿಗೆ ಬಾರದು ಎಂಬುದು ತಪ್ಪು ಲೆಕ್ಕ. ಪ್ರತಿ ಸಲವೂ ಚೀಟಿ ಹೊಸದಾಗಿಯೇ ಎತ್ತಿದಂತೆ. ತಾಯಿಯ ಮೇಲೆ ಹೊರಿಸುವ ಆಪಾದನೆಗಂತೂ ಇಲ್ಲಿ ಆಧಾರವೇ ಇಲ್ಲ, ಏಕೆಂದರೆ ದೋಷದ ಅರ್ಧ ತಂದೆಯಿಂದಲೇ ಬಂದಿರುತ್ತದೆ. ಇಬ್ಬರ ದೋಷವೂ ಯಾವುದೆಂದು ಗೊತ್ತಾಗಿದ್ದರೆ ಮುಂದಿನ ಬಸುರಿನ ಆರಂಭದಲ್ಲಿಯೇ ಪರೀಕ್ಷೆ ಮಾಡಿಸಲು ಸಾಧ್ಯ.

ಈ ರೋಗವನ್ನು ಗುಣಪಡಿಸುವ ಔಷಧಿ ಇಲ್ಲ. ಅಪಸ್ಮಾರಕ್ಕೆ ಔಷಧಿಯಿದೆ, ಕಾಲಿನ ಬಿಗಿತಕ್ಕೆ ವ್ಯಾಯಾಮ ಚಿಕಿತ್ಸೆಯಿದೆ. ಮತ್ತೊಂದು ಮುಖ್ಯ ಎಚ್ಚರಿಕೆಯಿದೆ: ಈ ಮಕ್ಕಳಿಗೆ ತಲೆಗೆ ಬಿದ್ದ ಸಣ್ಣ ಪೆಟ್ಟೂ ಅಪಸ್ಮಾರವನ್ನೋ ಪ್ರಜ್ಞಾಹೀನತೆಯನ್ನೋ ತಂದು, ಸ್ಥಿತಿಯನ್ನು ಥಟ್ಟನೆ ಹದಗೆಡಿಸಬಹುದು. ನೂಕುನುಗ್ಗಲಿನ ಆಟ, ಗದ್ದಲದ ರೈಲಿನ ಬಾಗಿಲು, ಇವುಗಳಿಂದ ಅವರನ್ನು ದೂರವಿಡಬೇಕು. ಶಾಲೆಯ ಶಿಕ್ಷಕರಿಗೂ ಇದನ್ನು ತಿಳಿಸಿರಬೇಕು.

ಇನ್ನು ಎರಡನೆಯ ಕಾಯಿಲೆ. ಇದು ಹುಟ್ಟಿನಿಂದ ಬರುವುದಲ್ಲ. ಬಹುಮಟ್ಟಿಗೆ ವಯಸ್ಕರಿಗೆ, ಅದರಲ್ಲೂ ಸ್ತ್ರೀಯರಿಗೆ ಹೆಚ್ಚಾಗಿ ಬರುತ್ತದೆ. ಹೆಸರು ನ್ಯೂರೋಮೈಲೈಟಿಸ್ ಆಪ್ಟಿಕಾ. ಕಣ್ಣಿನ ನರವೂ ಬೆನ್ನುಹುರಿಯೂ ಇದರ ಗುರಿ. ಬಹುಕಾಲ ಇದನ್ನು ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ಬೇರೊಂದು ರೋಗದ ಪ್ರಕಾರವೆಂದು ಎಣಿಸಲಾಗಿತ್ತು. ಆದರೆ 2004 ಮತ್ತು 2005ರಲ್ಲಿ ಅಮೆರಿಕದ ಸಂಶೋಧಕರು ರೋಗಿಗಳ ರಕ್ತದಲ್ಲಿ ವಿಶಿಷ್ಟ ಪ್ರತಿಕಾಯವೊಂದನ್ನು ಕಂಡು, ಅದು ಎರಗುವುದು ಅಕ್ವಾಪೋರಿನ್-4ರ ಮೇಲೆ ಎಂದು ತೋರಿಸಿದರು. ಆಗಲೇ ಹೇಳಿದ ತಾರಾಕೋಶದ ನೀರಿನ ಬಾಗಿಲು ಇದೇ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ತಾರಾಕೋಶವನ್ನು ಶತ್ರುವೆಂದು ಭ್ರಮಿಸಿ ನಾಶಪಡಿಸುತ್ತದೆ, ನರತಂತುಗಳು ಅದರೊಡನೆ ಹಾಳಾಗುತ್ತವೆ.

ಈ ರೋಗದ ಕುರಿತು ಮಂಗಳೂರಿನಲ್ಲಿ ಡಾ. ಲೇಖಾ ಪಂಡಿತ್ ಅವರೂ ಅವರ ಸಂಗಡಿಗರೂ ವರ್ಷಗಳಿಂದ ಅಧ್ಯಯನ ನಡೆಸುತ್ತ, ದಕ್ಷಿಣ ಭಾರತದ ರೋಗಿಗಳ ದಾಖಲೆಯನ್ನು ಬೆಳೆಸಿದ್ದಾರೆ. ಎರಡು ರೋಗಗಳನ್ನು ಬೇರ್ಪಡಿಸುವುದು ಕೇವಲ ಪಾಂಡಿತ್ಯದ ಮಾತಲ್ಲ. ಮಲ್ಟಿಪಲ್ ಸ್ಕ್ಲಿರೋಸಿಸ್‌ಗೆ ಕೊಡುವ ಬೀಟಾ ಇಂಟರ್‌ಫೆರಾನ್ ಮುಂತಾದ ಕೆಲವು ಔಷಧಿಗಳು ಈ ರೋಗವನ್ನು ಉಲ್ಬಣಗೊಳಿಸಬಹುದು. ಒಂದು ರಕ್ತಪರೀಕ್ಷೆ ಬಹುಮಂದಿಯಲ್ಲಿ ಈ ಗೊಂದಲವನ್ನು ಬಗೆಹರಿಸುತ್ತದೆ.

ಲಕ್ಷಣಗಳನ್ನು ಹೇಳಿಬಿಡುತ್ತೇನೆ. ಕೆಲವೇ ದಿನಗಳಲ್ಲಿ ಒಂದು ಕಣ್ಣಿನ ದೃಷ್ಟಿ ನೋವಿನೊಡನೆ ಮಂಕಾಗುವುದು, ಎರಡೂ ಕಾಲುಗಳು ಸೋತು ಮರಗಟ್ಟುವುದು, ಮೂತ್ರ ಕಟ್ಟುವುದು. ಇವಲ್ಲದೆ ಯಾರೂ ಊಹಿಸದ ಇನ್ನೊಂದಿದೆ: ದಿನಗಟ್ಟಲೆ ನಿಲ್ಲದ ಬಿಕ್ಕಳಿಕೆ ಹಾಗೂ ವಾಂತಿ. ಹೊಟ್ಟೆಯ ತೊಂದರೆಯೆಂದು ಭಾವಿಸಿ ವಾರಗಳನ್ನು ಕಳೆಯುವವರುಂಟು. ವಾಂತಿಯನ್ನು ನಿಯಂತ್ರಿಸುವ ಮಿದುಳಿನ ಭಾಗದಲ್ಲಿ ಈ ನೀರಿನ ಬಾಗಿಲುಗಳು ದಟ್ಟವಾಗಿರುವುದೇ ಇದಕ್ಕೆ ಕಾರಣ. ಬೇಗನೆ ಸ್ಟಿರಾಯ್ಡ್ ಚಿಕಿತ್ಸೆ ದೊರೆತರೆ, ಅಗತ್ಯವಿದ್ದಾಗ ರಕ್ತದ ಪ್ಲಾಸ್ಮಾ ಬದಲಾಯಿಸಿದರೆ, ದೃಷ್ಟಿಯನ್ನೂ ನಡಿಗೆಯನ್ನೂ ಬಹುಮಟ್ಟಿಗೆ ಉಳಿಸಿಕೊಳ್ಳಬಹುದು. ಮುಂದಿನ ಆಘಾತಗಳನ್ನು ತಡೆಯುವ ಔಷಧಿಗಳೂ ಇವೆ.

ಕೊನೆಯದಾಗಿ ವ್ಯಾವಹಾರಿಕವಾದ ನಾಲ್ಕು ಮಾತು. ಜನಿಸಿದಾಗ ಮಗುವಿನ ತಲೆಯ ಸುತ್ತಳತೆ ಸಾಮಾನ್ಯವಾಗಿ ಸುಮಾರು 34 ಸೆಂಟಿಮೀಟರ್, ಒಂದು ವರ್ಷಕ್ಕೆ ಸುಮಾರು 45. ಲಸಿಕೆಗೆ ಹೋದಾಗಲೆಲ್ಲ ಅಳೆಸಿ ಬರೆಸಿಕೊಳ್ಳಿ. ದೊಡ್ಡ ತಲೆಯ ಮಕ್ಕಳಲ್ಲಿ ಬಹುಮಂದಿ ಆರೋಗ್ಯವಂತರೇ, ತಂದೆಯ ತಲೆಯೂ ದೊಡ್ಡದಿರುತ್ತದೆ. ಆದರೆ ಅಳತೆ ತಿಂಗಳಿಂದ ತಿಂಗಳಿಗೆ ಓಡುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸುವುದು ಅವಶ್ಯ. ಕೇಂದ್ರ ಸರ್ಕಾರದ 2021ರ ವಿರಳ ರೋಗಗಳ ರಾಷ್ಟ್ರೀಯ ನೀತಿಯನ್ವಯ ಗುರುತಿಸಲಾದ ಉತ್ಕೃಷ್ಟತಾ ಕೇಂದ್ರಗಳಲ್ಲಿ ಪರೇಲಿನ ಕೆ.ಇ.ಎಂ. ಆಸ್ಪತ್ರೆಯೂ ಒಂದು, ಊರಿಗೆ ಹೋದವರಿಗೆ ಬೆಂಗಳೂರಿನಲ್ಲಿಯೂ ಇಂತಹ ಕೇಂದ್ರವಿದೆ. ಹೋಗುವಾಗ ಹಳೆಯ ಎಂ.ಆರ್.ಐ. ಚಿತ್ರಗಳನ್ನೂ ತಲೆಯಳತೆಯ ದಾಖಲೆಯನ್ನೂ ಒಯ್ಯಿರಿ. ಮೂರು ತಲೆಮಾರಿನ ವಂಶವೃಕ್ಷವನ್ನು ಮನೆಯ ಅಜ್ಜಿಯನ್ನು ಕೇಳಿ ಮೊದಲೇ ಬರೆದಿಟ್ಟುಕೊಳ್ಳಿ. ಯಾರು ಯಾರನ್ನು ಮದುವೆಯಾದರು, ಎಳವೆಯಲ್ಲಿ ತೀರಿಕೊಂಡ ಮಕ್ಕಳೆಷ್ಟು ಎಂಬುದನ್ನು ಅವರಷ್ಟು ಖಚಿತವಾಗಿ ಹೇಳಬಲ್ಲವರು ಮನೆಯಲ್ಲಿ ಬೇರೊಬ್ಬರಿರುವುದಿಲ್ಲ.

ಪ್ರಶ್ನೆಗಳಿದ್ದರೆ ಕೇಳಬಹುದು.