ದುಃಖಕ್ಕೂ ಒಂದು ಕಿವಿ ಬೇಕು

(ಸಂಘದ ಕೂಟದಲ್ಲಿ ಮಾಡಿದ ಭಾಷಣ)



ಮಾತನಾಡಲು ನಮಗೆ ಕೊಟ್ಟಿರುವ ವಿಷಯ 'ಆಪ್ತ ಸಮಾಲೋಚನೆ'. ನಾವು ವೈದ್ಯರಲ್ಲ, ಮನಶ್ಶಾಸ್ತ್ರಜ್ಞರೂ ಅಲ್ಲ, ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುವವರು. ಆದರೂ ಈ ವಿಷಯ ನಮಗೆ ದೂರದ್ದೇನಲ್ಲ. ತೀರಿಕೊಂಡವರ ಖಾತೆಯ ಹಣಕ್ಕಾಗಿ ಅರ್ಜಿ ಹಿಡಿದು ಬರುವ ಮನೆಯವರನ್ನು ನಾವು ದಿನವೂ ಕಾಣುತ್ತೇವೆ. ಕಾಗದಪತ್ರಗಳೆಲ್ಲ ಸರಿಯಾಗಿ ಕೈಸೇರಿದ ಮೇಲೆ 15 ದಿನಗಳೊಳಗೆ ಹಣ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಹಣದ ಲೆಕ್ಕ ಹೀಗೆ ಮುಗಿಯುತ್ತದೆ. ಮನಸ್ಸಿನ ಲೆಕ್ಕಕ್ಕೆ ಅಂಥ ವಾಯಿದೆಯಿಲ್ಲ. ಎಲ್ಲಿ ಸಹಿ ಹಾಕಬೇಕೆಂದು ಕೇಳಲು ಬಂದ ತಾಯಿ, ಯಜಮಾನರು ಆಸ್ಪತ್ರೆಗೆ ಹೊರಟ ರಾತ್ರಿ ಏನು ಮಾತಾಡಿದರೆಂದು ಹೇಳತೊಡಗುತ್ತಾರೆ. ಅವರ ಹಿಂದೆ ಸಾಲಿನಲ್ಲಿ ಹತ್ತು ಜನ ಕಾಯುತ್ತಿರುತ್ತಾರೆ. ಆ ಮಾತನ್ನು ಪೂರ್ತಿ ಕೇಳುವವರು ಯಾರು?

ಊರಿನಲ್ಲಿ ಈ ಪ್ರಶ್ನೆ ಇಷ್ಟು ಕಠಿಣವಾಗಿರಲಿಲ್ಲ. ಸಾವಾದ ಮನೆಗೆ ನೆರೆಯವರೇ ಅನ್ನ ತರುತ್ತಿದ್ದರು. ಬಂಧುಗಳು ದಿನಕರ್ಮ ಮುಗಿಯುವ ತನಕ ನಿಲ್ಲುತ್ತಿದ್ದರು. ಸತ್ತವರ ಗುಣವನ್ನು ನೂರು ಸಲ ಹೇಳಿ, ನೂರು ಸಲ ಅತ್ತು, ದುಃಖ ತಾನಾಗಿ ಹಗುರವಾಗುತ್ತಿತ್ತು. ಮುಂಬಯಿಯಲ್ಲಿ ನಾಲ್ಕು ದಿನದ ರಜೆ ಸಿಕ್ಕುವುದೇ ಹೆಚ್ಚು. ಐದನೆಯ ದಿನ ಮತ್ತೆ ಘಾಟ್ಕೋಪರ್ ನಿಲ್ದಾಣದ ನೂಕುನುಗ್ಗಲು. 2020 ಮತ್ತು 2021ರ ಕೋವಿಡ್ ಕಾಲದಲ್ಲಂತೂ ಎಷ್ಟೋ ಮನೆಯವರಿಗೆ ಹೋದವರ ಮುಖ ನೋಡುವುದಕ್ಕೂ ಆಗಲಿಲ್ಲ. 2024ರ ಮೇ 13ರಂದು ನಮ್ಮ ಛೇಡಾನಗರದ ಬಳಿ ಬಿರುಗಾಳಿಗೆ ದೊಡ್ಡ ಜಾಹೀರಾತು ಫಲಕವೊಂದು ಪೆಟ್ರೋಲ್ ಪಂಪಿನ ಮೇಲೆ ಬಿದ್ದು 17 ಜನ ಸತ್ತರು. ಅವರೆಲ್ಲ ಸಂಜೆಗೆ ಮನೆ ಸೇರಬೇಕಾಗಿದ್ದವರು. ಇಂಥ ಸಾವು ಉಳಿದವರಿಗೆ 'ಹೋಗಿಬರುತ್ತೇನೆ' ಎಂಬ ಮಾತನ್ನು ಕೂಡ ಬಿಟ್ಟುಹೋಗುವುದಿಲ್ಲ.

ಇಂಥ ಹೊತ್ತಿನಲ್ಲಿ ನೆರವಾಗತಕ್ಕದ್ದು ಆಪ್ತ ಸಮಾಲೋಚನೆ. ಅದು ಉಪದೇಶವಲ್ಲ. 'ಧೈರ್ಯ ತಂದುಕೊಳ್ಳಿ', 'ಎಲ್ಲ ವಿಧಿ' ಎಂದು ಹೇಳುವುದಕ್ಕೆ ನೆಂಟರಿದ್ದಾರೆ. ಸಮಾಲೋಚಕರು ತರಬೇತಿ ಪಡೆದ ಕೇಳುಗರು. ಅವರು ಅವಸರ ಪಡಿಸುವುದಿಲ್ಲ, ತಪ್ಪು ಹುಡುಕುವುದಿಲ್ಲ, ಗಂಟುಬಿದ್ದ ಚಿಂತೆಯ ಎಳೆಗಳನ್ನು ನಾವೇ ಬಿಡಿಸಿಕೊಳ್ಳುವಂತೆ ಪ್ರಶ್ನೆ ಕೇಳುತ್ತಾರೆ. ಹೇಳಿದ್ದು ಅಲ್ಲಿಯೇ ಉಳಿಯುತ್ತದೆ. ಪ್ರಾಣಾಪಾಯದಂಥ ಸಂದರ್ಭ ಮಾತ್ರ ಇದಕ್ಕೆ ಹೊರತು. ಒಬ್ಬರ ಖಾತೆಯ ಮೊಬಲಗನ್ನು ಇನ್ನೊಬ್ಬರಿಗೆ ಹೇಳದಿರುವುದು ನಮ್ಮ ವೃತ್ತಿಧರ್ಮವಾಗಿರುವಂತೆ, ಅವರದು ಮನಸ್ಸಿನ ಖಾತೆಯ ಗುಟ್ಟು.

ದುಃಖಕ್ಕೆ ಐದು ಮೆಟ್ಟಿಲುಗಳೆಂದು ಕೆಲವರು ಓದಿರಬಹುದು. ಎಲಿಜಬೆತ್ ಕ್ಯೂಬ್ಲರ್-ರಾಸ್ ಎಂಬ ವೈದ್ಯೆ 1969ರಲ್ಲಿ ಹಾಗೆ ಬರೆದದ್ದು ಸಾವನ್ನು ಎದುರು ನೋಡುತ್ತಿದ್ದ ರೋಗಿಗಳೊಡನೆ ಮಾತನಾಡಿ. ಎಲ್ಲರೂ ಅದೇ ಕ್ರಮದಲ್ಲಿ ಏರಬೇಕೆಂಬ ಕಟ್ಟಳೆಯೇನೂ ಇಲ್ಲ. ಒಬ್ಬರು ಅಳುತ್ತಾರೆ, ಇನ್ನೊಬ್ಬರು ಕೆಲಸದಲ್ಲಿ ಮುಳುಗುತ್ತಾರೆ, ಎರಡೂ ದುಃಖವೇ. ಬಹು ಮಂದಿ ಕಾಲಕ್ರಮದಲ್ಲಿ ಮನೆಯವರ ಆಸರೆಯಿಂದಲೇ ಚೇತರಿಸಿಕೊಳ್ಳುತ್ತಾರೆ. ಆದರೆ ಆರು ತಿಂಗಳು ಕಳೆದ ಮೇಲೂ ದುಃಖ ಮೊದಲ ದಿನದಂತೆಯೇ ಉರಿಯುತ್ತಿದ್ದು, ದಿನದ ಬದುಕೇ ನಡೆಯದಂತಾದರೆ ಅದಕ್ಕೆ ಚಿಕಿತ್ಸೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗವರ್ಗೀಕರಣವೂ ಒಪ್ಪಿದೆ. ಸಾಯುವ ಮಾತು ಯಾರ ಬಾಯಿಂದ ಬಂದರೂ ಆರು ತಿಂಗಳು ಕಾಯತಕ್ಕದ್ದಲ್ಲ; ಅವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಕಾಯಿಲೆಯ ಮನೆಯ ಕಷ್ಟ ಬೇರೆ ತೆರನಾದುದು. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ಆರಂಭವಾಯಿತು. ಅಲ್ಲಿಗೆ ಊರಿಂದ ಬರುವ ನೆಂಟರಿಗೆ ನಮ್ಮ ಮನೆಗಳೇ ತಂಗುದಾಣ. ಆಗ ರೋಗಿಗೆ ರೋಗದ ಹೆಸರು ತಿಳಿಯಬಾರದೆಂದು ಮನೆಯವರು ಪಿಸುಗುಟ್ಟುತ್ತಾರೆ. ಮನೆಯವರು ಹೆದರಬಾರದೆಂದು ರೋಗಿ ಏನೂ ತಿಳಿಯದಂತೆ ನಟಿಸುತ್ತಾರೆ. ಒಂದೇ ಕೋಣೆಯಲ್ಲಿ ಎರಡು ಮೌನ! ಎಷ್ಟು ಹೇಳಬೇಕು, ಹೇಗೆ ಹೇಳಬೇಕು ಎಂಬುದಕ್ಕೆ ಸಮಾಲೋಚಕರು ದಾರಿ ತೋರಿಸಬಲ್ಲರು. ಹಗಲಿರುಳು ಶುಶ್ರೂಷೆ ಮಾಡುವ ಸೊಸೆಯ ಆಯಾಸವನ್ನು ವಿಚಾರಿಸುವವರೂ ಅವರೇ.

ಇನ್ನು ಬದುಕಿನ ಬದಲಾವಣೆಗಳು. ಊರಿನ ಮನೆಗೆ ಬೀಗ ಹಾಕಿ, ಎಪ್ಪತ್ತರ ಅಮ್ಮನನ್ನು ನಾಲ್ಕನೆಯ ಅಂತಸ್ತಿಗೆ ಕರೆತರುತ್ತೇವೆ. ಅಂಗಳವಿಲ್ಲ, ಮಾತಿಗೆ ಜನವಿಲ್ಲ. ಆಕೆಗೆ ಏನು ಕಡಮೆಯಾಗಿದೆಯೆಂದು ನಾವು ಬೆರಗಾಗುತ್ತೇವೆ. ನಮ್ಮ ವೃತ್ತಿಯಲ್ಲಿಯೇ ನೋಡಿ: ಕರಾವಳಿಯವರು ಕಟ್ಟಿದ ವಿಜಯಾ ಬ್ಯಾಂಕು 2019ರಲ್ಲಿಯೂ ಸಿಂಡಿಕೇಟ್, ಕಾರ್ಪೊರೇಶನ್ ಬ್ಯಾಂಕುಗಳು 2020ರಲ್ಲಿಯೂ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಸಂಬಳ ನಿಲ್ಲಲಿಲ್ಲ, ನಿಜ. ಆದರೂ ಮೂವತ್ತು ವರ್ಷ ಹೇಳಿಕೊಂಡ ಹೆಸರು ಫಲಕದಿಂದ ಇಳಿದದ್ದು ಹಲವು ಹಿರಿಯರಿಗೆ ಸಾವಿನಂತೆಯೇ ನೋವು ಕೊಟ್ಟಿತು.

'ಇದೆಲ್ಲ ಹುಚ್ಚರಿಗೆ, ಜನ ಏನೆಂದಾರು, ಮಗಳ ಮದುವೆ ಹೇಗಾದೀತು' ಎಂಬ ಅಂಜಿಕೆ ನಮ್ಮಲ್ಲಿದೆ. ಆದರೆ ಕನ್ನಡಕ್ಕೆ ಈ ವಿಷಯ ಹೊಸದಲ್ಲ. 'ಕೊರವಂಜಿ'ಯಿಂದ ನಾಡನ್ನು ನಗಿಸಿದ ಡಾ. ಎಂ. ಶಿವರಾಂ ಅವರೇ ಮನಸ್ಸಿನ ಬಗ್ಗೆ 'ಮನಮಂಥನ' ಬರೆದರು. ಅದಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನಿಮ್ಹಾನ್ಸಿನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಎಷ್ಟೋ ಮನೆಗಳನ್ನು ಮುಟ್ಟಿವೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ಶರೀರದ ಕಾಯಿಲೆಗಿರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಇರಬೇಕೆಂದು ವಿಧಿಸಿದೆ.

ನೆರವು ಎಲ್ಲಿದೆ? 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರವು 'ಟೆಲಿ ಮಾನಸ್' ತೆರೆಯಿತು. 14416 ಎಂಬ ಸಂಖ್ಯೆಗೆ ಹಗಲಿರುಳು ಪುಕ್ಕಟೆಯಾಗಿ ಫೋನ್ ಮಾಡಬಹುದು. ಅಲ್ಲಿ ದೊರೆಯುವ ಭಾಷೆಗಳಲ್ಲಿ ಕನ್ನಡವೂ ಒಂದು. ನೆರೆಯ ದೇವನಾರಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯು 2012ರಲ್ಲಿ 'ಐಕಾಲ್' ಎಂಬ ದೂರವಾಣಿ ಸೇವೆ ಆರಂಭಿಸಿತು. ಸಯನ್, ಕೆ.ಇ.ಎಂ., ನಾಯರ್ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ.

ಒಂದು ಕೊರತೆ ಮಾತ್ರ ನಾವೇ ತುಂಬಬೇಕಾದುದು. ವ್ಯಾಪಾರಕ್ಕೆ ಮರಾಠಿ, ಹಿಂದಿ ಸಾಕು. ಅಳುವುದಕ್ಕೆ ತಾಯಿನುಡಿಯೇ ಬೇಕು, ಅದು ಕನ್ನಡವಾಗಲಿ, ತುಳುವಾಗಲಿ. ಆದುದರಿಂದ ಸಂಘಕ್ಕೆ ನಮ್ಮ ವಿಜ್ಞಾಪನೆ ಇಷ್ಟು. ಆ ಸಂಖ್ಯೆಯನ್ನು ನಮ್ಮ ಫಲಕದ ಮೇಲೆ ಬರೆಯಿಸೋಣ. ನಾಲ್ವರು ಸ್ತ್ರೀಯರಿಗೂ ನಾಲ್ವರು ಪುರುಷರಿಗೂ ತಜ್ಞರಿಂದ ಕೇಳುವ ತರಬೇತಿ ಕೊಡಿಸೋಣ. ಆಸ್ಪತ್ರೆಗೆ ಹೋಗುವವರೊಡನೆ ಮಾತು ಬಲ್ಲ ಒಬ್ಬರು ಜತೆಗೆ ಹೋಗಲಿ. ಸಾವಾದ ಮನೆಗೆ ಮೊದಲ ದಿನ ಎಲ್ಲರೂ ಹೋಗುತ್ತೇವೆ. ನಲವತ್ತನೆಯ ದಿನವೂ, ಆರನೆಯ ತಿಂಗಳೂ ಒಬ್ಬರಾದರೂ ಹೋಗಿ ಕುಳಿತುಬರುವ ಪದ್ಧತಿ ಬೆಳೆಯಲಿ.

ರಾಜ್ಯೋತ್ಸವದಂದು ಭಾಷೆಯನ್ನು ಉಳಿಸಬೇಕೆಂದು ಮಾತನಾಡುತ್ತೇವೆ. ನೊಂದವರು ತಮ್ಮ ನೋವನ್ನು ಹೇಳಿಕೊಳ್ಳಲು ಈ ಘಾಟ್ಕೋಪರಿನಲ್ಲಿ ಕನ್ನಡ ಒದಗಿದರೆ, ಭಾಷೆಗೆ ಅದಕ್ಕಿಂತ ದೊಡ್ಡ ಸೇವೆ ಬೇರೆ ಬೇಕೆ?