ಚರ್ಮದ ಕ್ಯಾನ್ಸರ್: ಹಳೆಯ ಹುಣ್ಣು, ಅಂಗಾಲಿನ ಕಪ್ಪು ಕಲೆ
(ಅಧ್ಯಕ್ಷ ಭಾಷಣ)

ಚರ್ಮದ ಹೊರಪದರದಲ್ಲಿ ಕ್ಯಾನ್ಸರಿಗೆ ಮುಖ್ಯ ಮೂಲವಾಗುವ ಕೋಶಗಳು ಮೂರು: ತಳದ ಬೇಸಲ್ ಕೋಶ, ಅದರ ಮೇಲಿನ ಸ್ಕ್ವಾಮಸ್ ಕೋಶ, ಬಣ್ಣ ತಯಾರಿಸುವ ಮೆಲನೊಸೈಟ್. ಆ ಬಣ್ಣ, ಅಂದರೆ ಮೆಲನಿನ್, ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿಕೊಳ್ಳುವುದರಿಂದ ಕಂದು ಮೈಬಣ್ಣದವರಲ್ಲಿ ಈ ರೋಗ ಬಿಳಿಯರಿಗಿಂತ ಬಹಳ ಕಡಿಮೆ. ಅಪರೂಪವಾದ್ದರಿಂದಲೇ ಅದರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಗುರುತಿಸುವ ಹೊತ್ತಿಗೆ ತಡವಾಗಿರುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ವೈದ್ಯರು ಕೂಡಿದ ಸಭೆಯಲ್ಲಿ ಈ ವಿಷಯಕ್ಕೆ ಜಾಗ ಸಲ್ಲಬೇಕಾದುದು ಇದೇ ಕಾರಣಕ್ಕೆ.

ಬೇಸಲ್ ಕೋಶದ ಕ್ಯಾನ್ಸರ್ ಹೆಚ್ಚಾಗಿ ಮುಖದಲ್ಲಿ, ಮೂಗು ಮತ್ತು ಕಣ್ಣಿನ ಸುತ್ತ, ಹೊಳೆಯುವ ಸಣ್ಣ ಗಂಟಾಗಿ ಕಾಣಿಸಿಕೊಳ್ಳುತ್ತದೆ. ನಮ್ಮವರಲ್ಲಿ ಅದು ಕಪ್ಪಾಗಿರುವುದರಿಂದ ಮಚ್ಚೆಯೆಂದು ಭ್ರಮೆಯಾಗುವುದುಂಟು. ಬೇರೆ ಅಂಗಗಳಿಗೆ ಹರಡುವುದು ತೀರ ವಿರಳ; ಆದರೆ ಬಿಟ್ಟರೆ ಸುತ್ತಲಿನ ಮಾಂಸ, ಮೂಳೆಯನ್ನು ತಿನ್ನುತ್ತದೆ.

ಸ್ಕ್ವಾಮಸ್ ಕ್ಯಾನ್ಸರಿನ ಚರಿತ್ರೆ ಇಲ್ಲಿ ಬೇರೆ. ಗಂಗೊಳ್ಳಿಯ ಮೀನುಗಾರರೂ ಗದ್ದೆಯ ಕೂಲಿಕಾರರೂ ದಿನವಿಡೀ ಬಿಸಿಲಲ್ಲೇ ದುಡಿಯುವವರು. ಆದರೂ ಕಂದು ಚರ್ಮದಲ್ಲಿ ಈ ಕ್ಯಾನ್ಸರಿಗೆ ಬಿಸಿಲಿಗಿಂತ ಹಳೆಯ ಗಾಯವೇ ಹೆಚ್ಚಿನ ಕಾರಣ: ಸುಟ್ಟ ಕಲೆ, ಕುಷ್ಠದಿಂದ ಸ್ಪರ್ಶ ಕಳೆದುಕೊಂಡ ಅಂಗಾಲಿನ ಹುಣ್ಣು, ವರ್ಷಗಟ್ಟಲೆ ಸೋರುವ ಕಾಲಿನ ವ್ರಣ. ಫ್ರಾನ್ಸಿನ ಶಸ್ತ್ರವೈದ್ಯ ಮಾರ್ಜೊಲಿನ್ 1828ರಲ್ಲಿ ಇಂಥ ಹುಣ್ಣುಗಳನ್ನು ವರ್ಣಿಸಿದ; ಅವಕ್ಕೆ ಅವನದೇ ಹೆಸರು ಉಳಿಯಿತು. ಸೊಂಟದಲ್ಲಿ ಲಂಗದ ಲಾಡಿ ಒತ್ತಿ ಒತ್ತಿ ಆದ ಗಾಯದಲ್ಲೂ ಕ್ಯಾನ್ಸರ್ ಹುಟ್ಟಿದ ಪ್ರಕರಣಗಳು ಭಾರತದಲ್ಲಿ ದಾಖಲಾಗಿವೆ. ಅಂಚು ಗಟ್ಟಿಯಾಗಿ ಮೇಲೆದ್ದರೆ, ಹೂಕೋಸಿನಂತೆ ಮಾಂಸ ಬೆಳೆದರೆ, ಮುಟ್ಟಿದರೆ ರಕ್ತ ಬಂದರೆ ಅದು ಬರಿಯ ಹುಣ್ಣಲ್ಲ. ಮೆಲನಿನ್ನಿನ ಕಾವಲಿಲ್ಲದ ಆಲ್ಬಿನಿಸಂ ಇರುವವರಿಗೆ ಮಾತ್ರ ಬಿಸಿಲೇ ಶತ್ರು. ಅವರಿಗೆ ಬಾಲ್ಯದಿಂದಲೇ ಅಗಲವಾದ ಟೊಪ್ಪಿ, ಪೂರ್ಣ ತೋಳಿನ ಅಂಗಿ ಬೇಕು.

ಮೆಲನೊಸೈಟ್‌ನಿಂದ ಹುಟ್ಟುವ ಮೆಲನೋಮ ವಿರಳ, ಆದರೆ ಈ ಮೂರರಲ್ಲಿ ಅತಿ ಘೋರ. ಭಾರತೀಯರಲ್ಲಿ ಅದು ಹೆಚ್ಚಾಗಿ ಬಿಸಿಲು ತಾಗದ ಅಂಗಾಲು, ಅಂಗೈಗಳಲ್ಲಿ, ಉಗುರಿನ ಕೆಳಗೆ ಬರುತ್ತದೆ. ಆಣಿಯೆಂದು ಕೊಯ್ಯುವುದು, ಮುಳ್ಳು ಚುಚ್ಚಿದ ಕಲೆಯೆಂದು ಬಿಡುವುದು, ಉಗುರಿನಡಿ ರಕ್ತ ಹೆಪ್ಪುಗಟ್ಟಿದೆಯೆಂದು ತಿಳಿಯುವುದು, ಈ ಮೂರು ತಪ್ಪು ಎಣಿಕೆಗಳಲ್ಲೇ ತಿಂಗಳುಗಳು ಕಳೆದುಹೋಗುತ್ತವೆ. ಅಂಕುಡೊಂಕಾದ ಅಂಚು, ಹಲವು ಬಣ್ಣ, ಹಿಗ್ಗುತ್ತಿರುವ ಅಳತೆ ಎಚ್ಚರಿಕೆಯ ಗುರುತುಗಳು. ಗಡ್ಡೆ ಎಷ್ಟು ಮಿಲಿಮೀಟರ್ ಆಳ ಇಳಿದಿದೆ ಎಂಬುದರ ಮೇಲೆಯೇ ರೋಗಿಯ ಉಳಿವು ಬಹುಮಟ್ಟಿಗೆ ನಿಂತಿದೆ. 1970ರಲ್ಲಿ ಬ್ರೆಸ್ಲೋ ತೋರಿಸಿಕೊಟ್ಟ ಈ ಅಳತೆ ಇಂದಿಗೂ ಚಿಕಿತ್ಸೆಯ ಆಧಾರ.

ಇನ್ನೂ ವಿರಳವಾದವು ಕೆಲವಿವೆ. ಮರ್ಕೆಲ್ ಕೋಶದ ಕ್ಯಾನ್ಸರ್ ನೋವಿಲ್ಲದ ಗಂಟಾಗಿ ಬೇಗ ಬೆಳೆಯುತ್ತದೆ. ಅದಕ್ಕೆ ಸಂಬಂಧಿಸಿದ ವೈರಸ್ 2008ರಲ್ಲಿ ಪತ್ತೆಯಾಯಿತು. ಮೈಕೋಸಿಸ್ ಫಂಗಾಯ್ಡಿಸ್ ಎಂಬ ಲಿಂಫೋಮ ವರ್ಷಗಟ್ಟಲೆ ಇಸುಬಿನ ವೇಷದಲ್ಲಿರುತ್ತದೆ. ಕಣ್ಣುರೆಪ್ಪೆಯ ಸೆಬೇಷಿಯಸ್ ಕ್ಯಾನ್ಸರ್ ಪದೇ ಪದೇ ಬರುವ ಕಣ್ಣುಕುಟಿಗೆಯಂತೆ ಮೋಸಮಾಡುತ್ತದೆ.

ಚಿಕಿತ್ಸೆಯಲ್ಲಿ ಶಸ್ತ್ರಕ್ರಿಯೆಯೇ ಮೊದಲು. ಅಪಾಯ ಕಡಿಮೆಯಿರುವ ಬೇಸಲ್ ಗಡ್ಡೆಗೆ ಸುತ್ತ ಸುಮಾರು 4 ಮಿಲಿಮೀಟರ್ ಆರೋಗ್ಯವಂತ ಚರ್ಮ ಸೇರಿಸಿ ಕೊಯ್ದರೆ ಸಾಮಾನ್ಯವಾಗಿ ಸಾಕು; 2 ಮಿಲಿಮೀಟರ್ ಮೀರಿ ಇಳಿದ ಮೆಲನೋಮಕ್ಕೆ 2 ಸೆಂಟಿಮೀಟರ್ ಬೇಕು. ಮುಖದಲ್ಲಿ ಪದರ ಪದರವಾಗಿ ಕೊಯ್ದು ಆಗಲೇ ಸೂಕ್ಷ್ಮದರ್ಶಕದಲ್ಲಿ ನೋಡುವ ಮೋಸ್ ವಿಧಾನ ಅಂಗವನ್ನು ಉಳಿಸುತ್ತದೆ. ಕೊಯ್ಯಲಾಗದ ಕಡೆ ವಿಕಿರಣ ಚಿಕಿತ್ಸೆಯುಂಟು. ಹರಡಿದ ಮೆಲನೋಮದ ಹಣೆಬರಹವನ್ನು 2011ರಿಂದ ರೋಗನಿರೋಧಕ ಚಿಕಿತ್ಸೆ ಬದಲಿಸಿದೆ. ಅದರ ತಳಹದಿ ಹಾಕಿದ ಆಲಿಸನ್ ಮತ್ತು ಹೊಂಜೊ ಅವರಿಗೆ 2018ರ ನೊಬೆಲ್ ಸಂದಿತು. ಆದರೆ ಆ ಔಷಧಗಳು ದುಬಾರಿ. ಬೇಗ ಕೊಯ್ದ ಗಡ್ಡೆಗೆ ಅವುಗಳ ಅಗತ್ಯವೇ ಬೀಳುವುದು ಕಡಿಮೆ.

ಈ ಮೂರು ತಾಲ್ಲೂಕುಗಳಿಗೆ ಹತ್ತಿರದ ದೊಡ್ಡ ಆಸರೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯಿದೆ. ಬಡ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ಆದರೆ ಮಣಿಪಾಲದ ದಾರಿ ಶುರುವಾಗುವುದು ಊರಿನ ಚಿಕಿತ್ಸಾಲಯದಲ್ಲಿ. ಆ ಜಾಗಕ್ಕಷ್ಟೇ ಮರಗಟ್ಟುವ ಚುಚ್ಚುಮದ್ದು ಕೊಟ್ಟು ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸುವುದು ಕೆಲವೇ ನಿಮಿಷದ ಕೆಲಸ. ನಾಲ್ಕು ವಾರ ಮದ್ದು ಹಚ್ಚಿದರೂ ಮಾಯದ ಹುಣ್ಣಿಗೆ ಐದನೆಯ ವಾರ ಬೇರೆ ಮುಲಾಮು ಬರೆಯದೆ ಈ ಪರೀಕ್ಷೆ ಮಾಡಿಸುವುದು, ಮಧುಮೇಹಿಯ ಪಾದ ನೋಡುವಾಗಲೆಲ್ಲ ಅಂಗಾಲಿನ ಕಪ್ಪು ಕಲೆಯನ್ನೂ ಹುಡುಕುವುದು: ಇವೆರಡು ರೂಢಿಯಾದರೆ ಈ ರೋಗ ಗುಣವಾಗುವ ಹಂತದಲ್ಲೇ ಕೈಗೆ ಸಿಗುತ್ತದೆ.