ಗುಡ್ಡದ ಮೇಲಿನ ಐದು ವ್ಯಾಟ್

ಹಡಗಲಿ ಸೀಮೆಯ ಮೈಲಾರದ ಕಾರಣಿಕವನ್ನು ನಿಮ್ಮಲ್ಲಿ ಬಹಳ ಜನ ಕಂಡಿರುತ್ತೀರಿ. ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದ ಕೂಡಲೇ ಲಕ್ಷಾಂತರ ಜನ ಗಪ್ಪಾಗುತ್ತಾರೆ. ಆಮೇಲೆ ಬರುವುದು ಒಂದೇ ಒಂದು ಚುಟುಕು ನುಡಿ. ಹವ್ಯಾಸಿ ರೇಡಿಯೋದಲ್ಲಿ, ಅಂದರೆ ಹ್ಯಾಮ್ ರೇಡಿಯೋದಲ್ಲಿ, ಇಂಥದೇ ಒಂದು ಕವಲಿದೆ. ಗುಡ್ಡ ಹತ್ತಿ, ಐದು ವ್ಯಾಟಿಗಿಂತ ಹೆಚ್ಚಿಲ್ಲದ ಶಕ್ತಿಯಲ್ಲಿ, ಮೋರ್ಸ್ ಸಂಕೇತದಲ್ಲಿ ದೂರದವರೊಡನೆ ಮಾತಾಡುವುದು. ಅದರ ಹಿನ್ನೆಲೆ ಹೇಳುತ್ತೇನೆ.

ದೂರ ನೋಡಲು ಎತ್ತರ ಬೇಕೆಂಬುದು ನಮ್ಮ ಕಡೆಯವರಿಗೆ ಹೊಸದಲ್ಲ. ಹರಪನಹಳ್ಳಿ ಕಡೆಯ ಉಚ್ಚಂಗಿದುರ್ಗ, ಕೂಡ್ಲಿಗಿ ಕಡೆಯ ಗುಡೇಕೋಟೆ, ಜರಿಮಲೆ ಇವೆಲ್ಲ ಗುಡ್ಡ ಹಿಡಿದು ಕಟ್ಟಿದ ಕೋಟೆಗಳು. ಗುಡ್ಡವಿಲ್ಲದ ಊರಿನವರು ಹುಡೇವು ಎಂಬ ಬುರುಜು ಕಟ್ಟಿಕೊಂಡು ಅದರ ಮೇಲೆ ಕಾವಲು ಕೂತರು. ಕಂಡದ್ದನ್ನು ಆಚೆಯ ಗುಡ್ಡಕ್ಕೆ ಅಕ್ಷರಕ್ಷರವಾಗಿ ದಾಟಿಸುವ ವಿದ್ಯೆ ಮಾತ್ರ ಆಮೇಲೆ ಬಂತು. 1844ರಲ್ಲಿ ಸ್ಯಾಮ್ಯುಯೆಲ್ ಮೋರ್ಸ್ ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ತಂತಿ ಕಳಿಸಿದ. 1869ರಲ್ಲಿ, ಆಗ ಬ್ರಿಟಿಷ್ ಇಂಡಿಯಾದ ಭಾಗವಾಗಿದ್ದ ಕರಾಚಿಯಲ್ಲಿ, ತಂತಿ ಇಲಾಖೆಯ ಹೆನ್ರಿ ಮ್ಯಾನ್ಸ್ ಹೀಲಿಯೋಗ್ರಾಫ್ ಮಾಡಿದ. ಕನ್ನಡಿಯಲ್ಲಿ ಬಿಸಿಲು ಹಿಡಿದು, ಅದನ್ನು ಮಿಣುಕಿಸಿ, ಗುಡ್ಡದಿಂದ ಗುಡ್ಡಕ್ಕೆ ಚುಕ್ಕೆ–ಗೆರೆ ಕಳಿಸುವ ಉಪಕರಣ. ತಂತಿ ಬೇಡ, ಬ್ಯಾಟರಿ ಬೇಡ. ನನ್ನ ಮಟ್ಟಿಗೆ ಗುಡ್ಡದ ಮೋರ್ಸಿನ ಕಥೆ ಶುರುವಾಗುವುದು ಅಲ್ಲಿಂದಲೇ.

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ ಮೇಲೆ ಕೊಟ್ಟೂರಿಗೆ ರೈಲು ಬಂತು. ರೈಲಿನ ಜೊತೆಗೇ ತಂತಿಕಂಬಗಳೂ ಬರುತ್ತಿದ್ದ ಕಾಲ ಅದು. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1901ರ ಡಿಸೆಂಬರ್ 12ರಂದು, ಮಾರ್ಕೋನಿ ನ್ಯೂಫೌಂಡ್‌ಲೆಂಡಿನ ಸಿಗ್ನಲ್ ಹಿಲ್ ಎಂಬ ಗುಡ್ಡದ ಮೇಲೆ ಗಾಳಿಪಟಕ್ಕೆ ಆಂಟೆನಾ ಕಟ್ಟಿ ಕೂತಿದ್ದ. ಅಟ್ಲಾಂಟಿಕ್‌ನ ಆಚೆ ಇಂಗ್ಲೆಂಡಿನ ಪೋಲ್ಡುವಿನಿಂದ ಮೂರು ಚುಕ್ಕೆ ಕೇಳಿಸಿದವು ಎಂದ. ನಿಜವಾಗಿ ಕೇಳಿಸಿದವೇ ಎಂದು ಇವತ್ತಿಗೂ ವಾದ ಮಾಡುವವರಿದ್ದಾರೆ. ಕಳಿಸಿದ ಶಕ್ತಿ ಕಿಲೋವ್ಯಾಟುಗಟ್ಟಲೆ. ವಾದವೆಲ್ಲ ಇರುವುದು ಕಿವಿಯ ಬಗ್ಗೆ.

ಭಾರತದಲ್ಲಿ 1921ರಲ್ಲಿ ಕಲ್ಕತ್ತೆಯ ಅಮರೇಂದ್ರ ಚಂದ್ರ ಗುಪ್ತು ಮೊದಲ ಹವ್ಯಾಸಿಯಾದರು. ಕನ್ನಡ ನಾಡಿನಲ್ಲಿ ರೇಡಿಯೋ ಹುಟ್ಟಿದ್ದೂ ಹವ್ಯಾಸದಿಂದಲೇ. ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ 30 ವ್ಯಾಟಿನ ಪ್ರೇಷಕ ಇಟ್ಟು ಪ್ರಸಾರ ಆರಂಭಿಸಿದರು. ಅವರದು ಹ್ಯಾಮ್ ನಿಲಯವಲ್ಲ, ಬಾನುಲಿ. ಆದರೂ ಒಬ್ಬ ಮನುಷ್ಯ ಒಂದು ಬಲ್ಬಿನಷ್ಟು ಶಕ್ತಿಯಿಂದ ಊರಿಗೆ ಊರನ್ನೇ ಮುಟ್ಟಬಹುದೆಂದು ತೋರಿಸಿದರಲ್ಲ, ಆ ಧೈರ್ಯವನ್ನು ನಾನು ಈ ಸಾಲಿನಲ್ಲೇ ಇಡುತ್ತೇನೆ.

ಇನ್ನು ಐದು ವ್ಯಾಟ್ ಸಾಕಾಗುವುದು ಹೇಗೆ? ದನಿಯನ್ನು ಒಯ್ಯಲು ರೇಡಿಯೋಗೆ ಎರಡು ಮೂರು ಸಾವಿರ ಹರ್ಟ್ಸ್ ಅಗಲ ಬೇಕು. ಮೋರ್ಸಿಗೆ ನೂರಿನ್ನೂರು ಹರ್ಟ್ಸ್ ಸಾಕು. ಇದ್ದ ಶಕ್ತಿಯೆಲ್ಲ ಆ ಸಣ್ಣ ಕಿಂಡಿಯಲ್ಲೇ ಹೊಮ್ಮುತ್ತದೆ. ಕೇಳುವವನು ಉಳಿದ ಗದ್ದಲವನ್ನು ಸೋಸಿ ಬದಿಗಿಡಬಹುದು. 7 ಮೆಗಾಹರ್ಟ್ಸ್ ಅಲೆಗಳನ್ನು ಆಕಾಶದ ಅಯಾನುಗೋಳವೇ ಮರಳಿಸಿ ದೂರದ ಊರುಗಳಿಗೆ ಇಳಿಸುತ್ತದೆ. ಅದಕ್ಕೆ ಗುಡ್ಡವೇ ಆಗಬೇಕೆಂದಿಲ್ಲ, ಇಪ್ಪತ್ತು ಮೀಟರ್ ತಂತಿ, ಅದನ್ನು ಎತ್ತಿಹಿಡಿಯಲು ಒಂದು ಬಿದಿರಿನ ಗಳ ಇದ್ದರಾಯಿತು. 144 ಮೆಗಾಹರ್ಟ್ಸ್ ಅಲೆ ಹಾಗಲ್ಲ, ಅದು ನೇರ ಹೋಗುವಂಥದ್ದು. ಬಯಲಿಗಿಂತ 150 ಮೀಟರ್ ಎತ್ತರದಲ್ಲಿ ನಿಂತರೆ ಸುಮಾರು 50 ಕಿ.ಮೀ. ದೂರದ ದಿಗಂತ ಸಿಗುತ್ತದೆ. ಗುಡ್ಡದಿಂದ ಇನ್ನೊಂದು ಲಾಭವಿದೆ, ಅದೇ ದೊಡ್ಡದು ಎನ್ನುತ್ತೇನೆ. ಊರೊಳಗಿನ ಬೋರ್‌ವೆಲ್ ಮೋಟಾರು, ಇನ್ವರ್ಟರು, ಎಲ್‌ಇಡಿ ದೀಪಗಳ ಗೊರಗೊರ ಅಲ್ಲಿಗೆ ಅಷ್ಟಾಗಿ ಮುಟ್ಟುವುದಿಲ್ಲ. ಸಣ್ಣ ಸಂಕೇತ ಗೆಲ್ಲುವುದು ಕಳಿಸುವವನ ಬಲದಿಂದಲ್ಲ, ಕೇಳುವವನ ಸುತ್ತಲಿನ ನಿಶ್ಶಬ್ದದಿಂದ.

2002ರ ಮಾರ್ಚಿನಲ್ಲಿ ಬ್ರಿಟನ್ನಿನ ಹವ್ಯಾಸಿಗಳು ಬೆಟ್ಟದ ತುದಿಗಳಿಂದ ಮಾತಾಡುವ ಒಂದು ಕಾರ್ಯಕ್ರಮ ಶುರುಮಾಡಿದರು. ಅದು ಹಲವು ದೇಶಗಳಿಗೆ ಹಬ್ಬಿತು. ಮರುವರ್ಷವೇ ಅಂತರರಾಷ್ಟ್ರೀಯ ನಿಯಮ ಮೋರ್ಸ್ ಪರೀಕ್ಷೆಯನ್ನು ಕಡ್ಡಾಯವಲ್ಲ ಎಂದಿತು. ಕಡ್ಡಾಯ ಹೋದರೂ ಗುಡ್ಡ ಹತ್ತುವವರು ಮೋರ್ಸ್ ಕೀಲಿ ಬಿಡಲಿಲ್ಲ, ಹೆಗಲ ಚೀಲದಲ್ಲಿ ಅದಕ್ಕಿಂತ ಹಗುರದ ಸಾಧನ ಇನ್ನೊಂದಿರಲಿಲ್ಲ. ಸಣ್ಣ ಶಕ್ತಿಯ ಈ ಆಟ ಆಕಾಶಕ್ಕೂ ಏರಿತು. 2005ರ ಮೇ 5ರಂದು ಇಸ್ರೋ ಹಾರಿಸಿದ 42.5 ಕಿಲೋ ತೂಕದ ಹ್ಯಾಮ್‌ಸ್ಯಾಟ್ ಉಪಗ್ರಹ ಸುಮಾರು ಒಂದೇ ವ್ಯಾಟಿನಲ್ಲಿ ಹವ್ಯಾಸಿಗಳ ಸಂಕೇತಗಳನ್ನು ಭೂಮಿಗೆ ಮರಳಿಸುತ್ತಿತ್ತು. 2014ರವರೆಗೆ ಅದು ದುಡಿಯಿತು.

ನಮ್ಮ ಸೀಮೆಯ ಶಾಲೆ–ಕಾಲೇಜುಗಳ ವಿಜ್ಞಾನದ ಮೇಷ್ಟ್ರುಗಳಿಗೆ ಒಂದು ಮಾತು. ಮೋರ್ಸ್ ಕಲಿಯಲು ಪರವಾನಗಿ ಬೇಡ, ಎರಡು ಬೆಂಚುಗಳ ನಡುವೆ ಒಂದು ಬಜರ್ ಇದ್ದರೆ ಸಾಕು. ಪ್ರಸಾರ ಮಾಡಲು ಮಾತ್ರ ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸಾಗಿ ಪರವಾನಗಿ ಪಡೆಯಲೇಬೇಕು. ಗುಡೇಕೋಟೆ ಕಡೆ ಹೋಗುವುದಾದರೆ ಅಲ್ಲಿರುವುದು ಕರಡಿಧಾಮ, ಅರಣ್ಯ ಇಲಾಖೆಯನ್ನು ಕೇಳಿಯೇ ಹೋಗಿ, ಹೊತ್ತು ಮುಳುಗುವ ಮುಂಚೆ ಇಳಿದುಬಿಡಿ. ಮುಂಗಾರಿಗೆ ಮುಂಚಿನ ಗುಡುಗಿನ ದಿನಗಳಲ್ಲಿ ಬಂಡೆಯ ನೆತ್ತಿಯ ಮೇಲೆ ತಂತಿ ಎಳೆಯಲೇಬೇಡಿ.